ಕಿಡೆಪೊಗೆ ಹೊರಟವರು ಸಿಂಹಕ್ಕಿಂತ ದೂರಕ್ಕೆ ಹೆದರಬೇಕು

ಪ್ರಶ್ನೆ: ನನಗೆ 61 ವರ್ಷ. ಸಾಗರದ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಹದಿನೈದು ವರ್ಷದಿಂದ ಹಕ್ಕಿ ನೋಡುವ ಹುಚ್ಚು. ಗುಡವಿ, ಮಂಡಗದ್ದೆ ಮನೆಯಂಗಳ ಇದ್ದ ಹಾಗೆ. ಮಗ ಕಂಪಾಲದಲ್ಲಿ ಕೆಲಸದಲ್ಲಿದ್ದಾನೆ. ಜನವರಿ ಕೊನೆಗೆ ಎರಡು ವಾರ ಬನ್ನಿ, ಉಗಾಂಡದ ಕಿಡೆಪೊ ವ್ಯಾಲಿ ನ್ಯಾಷನಲ್ ಪಾರ್ಕ್ ನೋಡೋಣ ಅನ್ನುತ್ತಾನೆ. ಮನೆಯವರಿಗೆ 67, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರಿಗೆ ಹಕ್ಕಿಗಿಂತ ಪ್ರಾಣಿ ಇಷ್ಟ. ನೆಂಟರೆಲ್ಲ ಹೆದರಿಸುತ್ತಿದ್ದಾರೆ. ಅಲ್ಲಿ ಎಬೋಲಾ ಇದೆ, ಬಂದೂಕು ಹಿಡಿದವರು ಓಡಾಡುತ್ತಾರೆ, ಟೆಂಟಿನ ಬಾಗಿಲಿಗೇ ಸಿಂಹ ಬರುತ್ತದೆ ಅಂತ. ಹಳದಿ ಜ್ವರದ ಲಸಿಕೆ ಅರವತ್ತು ದಾಟಿದವರಿಗೆ ಅಪಾಯ ಅಂತಲೂ ಎಲ್ಲೋ ಓದಿದೆ. ನಾವು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಇಷ್ಟು ಪಾಡು ಪಟ್ಟು ಹೋಗಬೇಕಾ? ಮಸಾಯಿ ಮಾರಾ ಸಾಕಲ್ವಾ?

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ನಾನು ಹದಿನಾಲ್ಕು ವರ್ಷದಿಂದ ಹಕ್ಕಿ ನೋಡುವವರ ಚಿಕ್ಕ ಗುಂಪುಗಳನ್ನು ಪೂರ್ವ ಆಫ್ರಿಕಾಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಕಿಡೆಪೊ ಹೆಸರು ಎತ್ತಿ ಕೇಳುವವರು ತೀರಾ ಕಡಿಮೆ. ಕೇಳಿದವರ ಮನೆಯಲ್ಲೆಲ್ಲ ನಿಮ್ಮಲ್ಲಿ ಎದ್ದಿರುವ ಮಾತುಗಳೇ ಎದ್ದಿರುತ್ತವೆ.

ನೀವು ಕೇಳಿರುವುದು ಎರಡು ವಿಷಯ. ಒಂದು, ಈ ವಯಸ್ಸಿನಲ್ಲಿ ಅಲ್ಲಿಗೆ ಹೋದರೆ ಸುರಕ್ಷಿತವಾಗಿ ವಾಪಸ್ ಬರುತ್ತೇವಾ? ಎರಡು, ಅಷ್ಟು ಕಷ್ಟಕ್ಕೆ ತಕ್ಕ ಹಕ್ಕಿ ಸಿಗುತ್ತಾ? ನನ್ನ ಅನುಭವದಲ್ಲಿ ಜನ ಅಲ್ಲಿ ಹೆದರುವುದು ತಪ್ಪು ವಸ್ತುಗಳಿಗೆ. ಸಿಂಹಕ್ಕೆ ಹೆದರುತ್ತಾರೆ, ಬಂದೂಕಿಗೆ ಹೆದರುತ್ತಾರೆ. ನಿಜವಾಗಿ ಲೆಕ್ಕ ಹಾಕಬೇಕಾದದ್ದು ದೂರವನ್ನು. ಆಸ್ಪತ್ರೆ ದೂರ, ಪೆಟ್ರೋಲ್ ದೂರ, ಒಳ್ಳೆ ರಸ್ತೆ ದೂರ. ಆ ಜಾಗ ಇವತ್ತಿಗೂ ಹಾಗೇ ಉಳಿದಿರುವುದಕ್ಕೂ ಅದೇ ದೂರವೇ ಕಾರಣ.

ಮೊದಲು ಜಾಗ ಎಲ್ಲಿದೆ ಅಂತ ನೋಡಿ. ಉಗಾಂಡದ ನಕ್ಷೆಯಲ್ಲಿ ಈಶಾನ್ಯದ ತುತ್ತತುದಿ. ಉತ್ತರಕ್ಕೆ ದಕ್ಷಿಣ ಸುಡಾನ್, ಪೂರ್ವಕ್ಕೆ ಹತ್ತಿರದಲ್ಲೇ ಕೆನ್ಯಾ. ಆ ಸೀಮೆಗೆ ಕರಮೋಜ ಅಂತ ಹೆಸರು. ದನವೇ ಬದುಕಾಗಿರುವ ಜನರ ಒಣ ನಾಡು. ಪಾರ್ಕ್ 1,442 ಚದರ ಕಿಲೋಮೀಟರ್. 1962ರಲ್ಲಿ, ಉಗಾಂಡ ಸ್ವತಂತ್ರವಾದ ವರ್ಷವೇ, ರಾಷ್ಟ್ರೀಯ ಉದ್ಯಾನ ಆಯಿತು. ಒಳಗೆ ಎರಡು ಕಣಿವೆ ಇವೆ. ನರುಸ್ ಕಣಿವೆಯಲ್ಲಿ ಕಡು ಬೇಸಿಗೆಯಲ್ಲೂ ಒಂದಿಷ್ಟು ನೀರು ನಿಲ್ಲುತ್ತದೆ. ಕಿಡೆಪೊ ಕಣಿವೆಯ ನದಿ ಮಾತ್ರ ವರ್ಷದ ಬಹುಪಾಲು ಬರೀ ಬಿಳಿ ಮರಳು. ಆ ಮರಳ ದಂಡೆಯ ಉದ್ದಕ್ಕೂ ತಾಳೆ ಮರಗಳು ನಿಂತಿವೆ. ನಮ್ಮ ತಾಟಿನಿಂಗಿನ ಮರದ ಹತ್ತಿರದ ದಾಯಾದಿ ಅದು. ಅಲ್ಲಿನ ಜನ ಅದರ ಹಣ್ಣು ಆರಿಸಲು ಬರುತ್ತಿದ್ದರಂತೆ. ಸ್ಥಳೀಯ ಮಾತಿನಲ್ಲಿ ‘ಆರಿಸು’ ಎನ್ನುವ ಪದದಿಂದಲೇ ಕಿಡೆಪೊ ಎಂಬ ಹೆಸರು ಬಂತು ಅಂತ ಹೇಳುತ್ತಾರೆ.

ಈಗ ಬಂದೂಕಿನ ಮಾತು. ಇದು ಪೂರ್ತಿ ಕಟ್ಟುಕಥೆ ಅಲ್ಲ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕರಮೋಜದಲ್ಲಿ ದನ ಹೊಡೆದುಕೊಂಡು ಹೋಗುವ ಜಗಳ ಹಳೆಯದು. ಮೊದಲು ಈಟಿಯಲ್ಲಿ ನಡೆಯುತ್ತಿತ್ತು. 1979ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಸರ್ಕಾರ ಬಿದ್ದಾಗ ಮೊರೊಟೊ ಊರಿನ ಸೈನ್ಯದ ಶಸ್ತ್ರಾಗಾರ ಲೂಟಿಯಾಯಿತು. ಅಲ್ಲಿಂದ ಈಟಿಯ ಜಾಗಕ್ಕೆ ರೈಫಲ್ ಬಂತು. ಕಾಡಿಗೂ ಅದರ ಏಟು ಬಿತ್ತು. ಕಿಡೆಪೊದ ಜಿರಾಫೆ ಬೆರಳೆಣಿಕೆಗೆ ಇಳಿದವು. ಘೇಂಡಾಮೃಗ ಪೂರ್ತಿ ಹೋಯಿತು. ಆಮೇಲೆ ಸರ್ಕಾರ ಬಂದೂಕು ವಾಪಸ್ ಪಡೆಯುವ ಕೆಲಸಕ್ಕೆ ಕೈ ಹಾಕಿತು, 2000ದ ದಶಕದಲ್ಲಿ ಅದು ಜೋರಾಗಿ ನಡೆಯಿತು. ಸುಮಾರು ಹತ್ತು ವರ್ಷ ಶಾಂತಿ ಇತ್ತು. 2019ರ ನಂತರ ದನದ ದಾಳಿ ಮತ್ತೆ ಶುರುವಾಯಿತು. 2021ರಲ್ಲಿ ಸೈನ್ಯ ಇನ್ನೊಂದು ಸುತ್ತು ಇಳಿಯಿತು. 2022ರ ಮಾರ್ಚ್‌ನಲ್ಲಿ ಮೊರೊಟೊ ಜಿಲ್ಲೆಯಲ್ಲಿ ಸರ್ಕಾರದ ಭೂವಿಜ್ಞಾನಿಗಳನ್ನೂ ಜೊತೆಗಿದ್ದ ಸೈನಿಕರನ್ನೂ ಕೊಂದರು.

ಇದರಿಂದ ನೀವು ತಿಳಿಯಬೇಕಾದ್ದು ಏನೆಂದರೆ, ಆ ಜಗಳ ದನದ ಮೇಲಿನದು, ಪ್ರವಾಸಿಗರ ಮೇಲಿನದಲ್ಲ. ಆದರೆ ದಾರಿಯಲ್ಲಿ ಸಿಕ್ಕಿಕೊಂಡರೆ ಗುಂಡಿಗೆ ಅದೆಲ್ಲ ಗೊತ್ತಾಗಲ್ಲ. ಹಾಗಾಗಿ ಯಾವ ದಾರಿ ಅನ್ನುವುದು ಮುಖ್ಯ. ಕಂಪಾಲದಿಂದ ಎರಡು ದಾರಿ ಇವೆ. ಪೂರ್ವದ ದಾರಿ ಎಂಬಾಲೆ, ಮೊರೊಟೊ, ಕೊಟಿಡೊ ಮೇಲೆ ಹೋಗುತ್ತದೆ. ಬೆಟ್ಟಗಳ ನೋಟ ಬಲು ಚೆಂದ. ಗಲಾಟೆಗಳು ಜಾಸ್ತಿ ಆಗಿರುವುದೂ ಆ ಕಡೆಯೇ. ಪಶ್ಚಿಮದ ದಾರಿ ಗುಲು, ಕಿಟ್ಗುಮ್ ಮೇಲೆ ಬರುತ್ತದೆ. ನಾನು ಗುಂಪು ಕರೆದೊಯ್ಯುವುದು ಇದೇ ದಾರಿಯಲ್ಲಿ, ಅದೂ ಹಗಲು ಮಾತ್ರ. ನಿಮಗೂ ಇದನ್ನೇ ಹೇಳುತ್ತೇನೆ. ಪಾರ್ಕಿನ ಒಳಗೆ ರೇಂಜರ್‌ಗಳ ಕೈಯಲ್ಲಿ, ಕೆಲವು ಕಡೆ ಸೈನಿಕರ ಕೈಯಲ್ಲಿ ಬಂದೂಕು ಕಾಣುತ್ತದೆ. ಅದು ನಿಮ್ಮ ಕಾವಲಿಗೆ. ಅವರ ಫೋಟೋ ಮಾತ್ರ ತೆಗೆಯಬೇಡಿ.

ನೆಂಟರು ಇನ್ನೊಂದು ಸುದ್ದಿಯನ್ನೂ ಕೇಳಿರಬಹುದು. 2023ರ ಅಕ್ಟೋಬರ್‌ನಲ್ಲಿ ಮಧುಚಂದ್ರಕ್ಕೆ ಬಂದಿದ್ದ ದಂಪತಿಯನ್ನೂ ಅವರ ಗೈಡನ್ನೂ ಉಗ್ರರು ಕೊಂದರು. ಘೋರ ಘಟನೆ. ಅದು ನಡೆದದ್ದು ಕ್ವೀನ್ ಎಲಿಜಬೆತ್ ಪಾರ್ಕಿನಲ್ಲಿ, ಕಾಂಗೋ ಗಡಿಯ ಹತ್ತಿರ. ಅದು ನೈಋತ್ಯ, ಕಿಡೆಪೊ ಈಶಾನ್ಯ. ದೇಶದ ಒಂದು ಮೂಲೆ ಮತ್ತು ಅದರ ಎದುರು ಮೂಲೆ. ಆದರೂ ಹೊರಡುವ ಹಿಂದಿನ ವಾರ ಕಂಪಾಲದ ಭಾರತೀಯ ಹೈಕಮಿಷನ್ ಏನು ಹೇಳುತ್ತಿದೆ, ಪಾರ್ಕ್ ನೋಡಿಕೊಳ್ಳುವ ಉಗಾಂಡ ವೈಲ್ಡ್‌ಲೈಫ್ ಅಥಾರಿಟಿ ಏನು ಹೇಳುತ್ತಿದೆ ಅಂತ ಮಗನ ಕೈಲಿ ವಿಚಾರಿಸಿ. ಗಡಿ ಸೀಮೆಯ ಪರಿಸ್ಥಿತಿ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಬೇಡ ಅಂದರೆ ಬೇಡ, ಮರುಮಾತಿಲ್ಲದೆ ಪ್ಲಾನ್ ಬದಲಿಸಿ.

ಎಬೋಲಾ ವಿಷಯಕ್ಕೆ ಬರೋಣ. ಉಗಾಂಡದಲ್ಲಿ ಅದು ಬಂದು ಹೋಗಿದೆ. 2000ದಲ್ಲಿ ಗುಲುವಿನಲ್ಲಿ, 2022ರಲ್ಲಿ ಮುಬೆಂಡೆಯಲ್ಲಿ, 2025ರ ಆರಂಭದಲ್ಲಿ ಕಂಪಾಲದಲ್ಲೇ. ಪ್ರತಿ ಸಲವೂ ಅಲ್ಲಿನ ಡಾಕ್ಟರುಗಳು, ನರ್ಸುಗಳು ಜೀವ ಒತ್ತೆ ಇಟ್ಟು ಅದನ್ನು ಕಟ್ಟಿಹಾಕಿದ್ದಾರೆ. ಎಬೋಲಾ ಗಾಳಿಯಲ್ಲಿ ತೇಲಿ ಬರುವ ರೋಗ ಅಲ್ಲ. ಕಾಯಿಲೆ ಬಿದ್ದವರ ರಕ್ತ, ವಾಂತಿ, ಬೆವರಿನಂಥದ್ದನ್ನು ಮುಟ್ಟಿದರೆ ಬರುತ್ತದೆ. ಹಾಗಾಗಿ ರೋಗಿಯ ಆರೈಕೆ ಮಾಡುವವರಿಗೆ, ಹೆಣ ತೊಳೆಯುವವರಿಗೆ ಅಪಾಯ ಜಾಸ್ತಿ. ಜೀಪಿನಲ್ಲಿ ಕೂತು ಹಕ್ಕಿ ನೋಡುವವರಿಗೆ ತೀರಾ ಕಡಿಮೆ. ನೀವು ಹೊರಡುವ ಹೊತ್ತಿಗೆ ಹೊಸದಾಗಿ ಹಬ್ಬಿದ್ದರೆ ಮುಂದೂಡಿ. ಇಲ್ಲದಿದ್ದರೆ ಇದನ್ನು ತಲೆಯಿಂದ ತೆಗೆದುಹಾಕಿ.

ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಮಲೇರಿಯಾ. ಇದರ ಬಗ್ಗೆ ಯಾವ ನೆಂಟರೂ ಹೆದರಿಸಿಲ್ಲ ನೋಡಿ! ನಮ್ಮಲ್ಲೂ ಮಲೇರಿಯಾ ಇದೆ, ಅದರಲ್ಲೇನು ಅಂತ ಜನ ಸುಮ್ನೆ ಇದ್ದುಬಿಡುತ್ತಾರೆ. ಉಗಾಂಡದ ಮಲೇರಿಯಾ ಬಹುಪಾಲು ಫಾಲ್ಸಿಪಾರಂ ಜಾತಿಯದು. ಎರಡು ಮೂರು ದಿನದಲ್ಲಿ ಮಿದುಳಿಗೆ, ಕಿಡ್ನಿಗೆ ಏರಬಲ್ಲದು. ಹಳೇ ಕ್ಲೋರೋಕ್ವಿನ್ ಮಾತ್ರೆಗೆ ಅದು ಬಗ್ಗುವುದಿಲ್ಲ. ಬರದಂತೆ ತಡೆಯಲು ಮುಂಚೆಯೇ ಮಾತ್ರೆ ಶುರು ಮಾಡಬೇಕು. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಹೋಗುವ ಒಂದೆರಡು ದಿನ ಮೊದಲು ಶುರು ಮಾಡಿ, ಬಂದ ಮೇಲೆ ಏಳು ದಿನ ಮುಂದುವರಿಸಬೇಕು. ಡಾಕ್ಸಿಸೈಕ್ಲಿನ್ ಅಗ್ಗ. ಆದರೆ ಬಂದ ಮೇಲೂ ನಾಲ್ಕು ವಾರ ತಿನ್ನಬೇಕು, ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ನಿಮ್ಮವರ ಬಿಪಿ ಮಾತ್ರೆಯ ಜೊತೆ ಯಾವುದು ಹೊಂದುತ್ತದೆ ಅಂತ ಡಾಕ್ಟರೇ ಹೇಳಬೇಕು. ಎಲ್ಲ ಮೆಡಿಕಲ್ ಶಾಪ್‌ನಲ್ಲೂ ಈ ಮಾತ್ರೆ ಇರುವುದಿಲ್ಲ, ತಿಂಗಳ ಮುಂಚೆಯೇ ಹೇಳಿ ತರಿಸಿಡಿ. ಈ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನ ಜಾವದವರೆಗೆ. ಸೂರ್ಯ ಮುಳುಗುವ ಮೊದಲೇ ತುಂಬು ತೋಳು, ಕಾಲುಚೀಲ ಹಾಕಿಬಿಡಿ.

ನನ್ನ ಗುಂಪಿನ ಒಬ್ಬರು ಐದನೇ ದಿನ ಮಾತ್ರೆ ಬಿಟ್ಟುಬಿಟ್ಟಿದ್ದರು, ಹೊಟ್ಟೆ ಉರಿ ಅಂತ. ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಊರಿಗೆ ಬಂದು ಎರಡು ವಾರಕ್ಕೆ ಜ್ವರ. ಅವರು ಹೋದ ಆಸ್ಪತ್ರೆಯಲ್ಲಿ ಡೆಂಗಿ ಪರೀಕ್ಷೆ ಮಾಡಿ, ಇಲ್ಲ ಅಂತ ಕಳಿಸಿದರು. ಆಫ್ರಿಕಾಕ್ಕೆ ಹೋಗಿ ಬಂದ ವಿಷಯವನ್ನು ಇವರು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ನಾಲ್ಕನೇ ದಿನ ಐಸಿಯು ಸೇರಿದ ಮೇಲೆ ಗೊತ್ತಾಯಿತು. ಉಳಿದುಕೊಂಡರು, ಪುಣ್ಯ. ಅವತ್ತಿನಿಂದ ನಾನು ಪ್ರತಿದಿನ ಬೆಳಗ್ಗೆ ತಿಂಡಿ ಹೊತ್ತಿಗೆ ಎಲ್ಲರಿಗೂ ಮಾತ್ರೆ ತಗೊಂಡ್ರಾ ಅಂತ ಕೇಳುತ್ತೇನೆ. ನೀವು ಬಂದ ಮೇಲೆ ಮೂರು ತಿಂಗಳೊಳಗೆ ಯಾವ ಜ್ವರ ಬಂದರೂ ಡಾಕ್ಟರಿಗೆ ಹೇಳುವ ಮೊದಲ ಮಾತು ‘ಉಗಾಂಡಕ್ಕೆ ಹೋಗಿದ್ದೆ’ ಅಂತ ಇರಲಿ.

ಹಳದಿ ಜ್ವರದ ಲಸಿಕೆ ಬಗ್ಗೆ ನೀವು ಓದಿರುವುದು ನಿಜ. ನಾನು ಡಾಕ್ಟರ್ ಅಲ್ಲ, ಆದರೆ ಈ ವಯಸ್ಸಿನ ತುಂಬಾ ಜನರ ಜೊತೆ ಈ ಲೆಕ್ಕಾಚಾರ ಮಾಡಿದ್ದೇನೆ. ಉಗಾಂಡದೊಳಗೆ ಹೋಗಲು ಈ ಲಸಿಕೆಯ ಹಳದಿ ಕಾರ್ಡ್ ಬೇಕು. ಭಾರತಕ್ಕೆ ವಾಪಸ್ ಬರುವಾಗಲೂ ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇದರಲ್ಲಿ ಇರುವುದು ಜೀವಂತ, ಬಲ ಕುಗ್ಗಿಸಿದ ವೈರಸ್. ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅರವತ್ತು ದಾಟಿ ಮೊದಲ ಸಲ ಹಾಕಿಸಿಕೊಳ್ಳುವವರಲ್ಲಿ ಮಾತ್ರ, ತೀರಾ ಅಪರೂಪಕ್ಕೆ, ಲಸಿಕೆಯ ವೈರಸ್ಸೇ ಒಳಗಿನ ಅಂಗಗಳಿಗೆ ಏಟು ಕೊಡುತ್ತದೆ. ಅರವತ್ತರಿಂದ ಎಪ್ಪತ್ತರ ನಡುವಿನವರಲ್ಲಿ ಲಕ್ಷಕ್ಕೆ ಸುಮಾರು ಒಬ್ಬರಿಗೆ ಹೀಗಾಗುತ್ತದೆ. ಎಪ್ಪತ್ತು ದಾಟಿದರೆ ಇನ್ನೂ ಹೆಚ್ಚು. ಹತೋಟಿಯಲ್ಲಿರುವ ಬಿಪಿ ಇದಕ್ಕೆ ಅಡ್ಡಿ ಅಲ್ಲ. ಎದೆಯೊಳಗಿನ ಥೈಮಸ್ ಗ್ರಂಥಿಯ ತೊಂದರೆ ಇದ್ದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವವರು ಹಾಕಿಸಿಕೊಳ್ಳಬಾರದು.

ನಿಮ್ಮ ಪತ್ರದ ಒಂದು ಮಾತು ಇಲ್ಲಿ ಬಹಳ ಮುಖ್ಯ. ಈ ಲಸಿಕೆಯನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ. ಮೊಟ್ಟೆ ಅಲರ್ಜಿ ಇದ್ದವರಿಗೆ ಜೋರಾಗಿ ಏರಬಹುದು. ಹುಟ್ಟಿದಾಗಿನಿಂದ ಮೊಟ್ಟೆ ತಿನ್ನದ ನಿಮಗೆ ಅಲರ್ಜಿ ಇದೆಯೋ ಇಲ್ಲವೋ ಗೊತ್ತಾಗುವುದಾದರೂ ಹೇಗೆ? ಇದನ್ನು ಲಸಿಕೆ ಕೇಂದ್ರದಲ್ಲಿ ಬಾಯಿಬಿಟ್ಟು ಹೇಳಿ. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಮೊಟ್ಟೆಯದ್ದು ಅಂತ ಮನಸ್ಸು ಒಪ್ಪದಿದ್ದರೆ ಅದೂ ನಿಮ್ಮ ತೀರ್ಮಾನವೇ. ಮುಂಚೆಯೇ ತಿಳಿದಿರಲಿ ಅಂತ ಹೇಳಿದೆ. ಲಸಿಕೆ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಬೆಂಗಳೂರಿನಲ್ಲಿ ಇದೆ. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಆಗಿರಬೇಕು. ನಾನು ಎರಡು ತಿಂಗಳು ಮೊದಲೇ ಮಾಡಿಸುತ್ತೇನೆ. ಒಂದು ಸಲ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಡಾಕ್ಟರ್ ಬೇಡ ಅಂದರೆ ವಿನಾಯಿತಿ ಪತ್ರ ಬರೆದುಕೊಡುತ್ತಾರೆ. ಅದರ ಬಲದ ಮೇಲೆ ಹೊರಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ರೋಗದಿಂದ ಕಾವಲು ಇರುವುದಿಲ್ಲ, ವಾಪಸ್ ಬರುವಾಗ ತಡೆದು ನಿಲ್ಲಿಸಲೂಬಹುದು.

ಸಿಂಹ ಟೆಂಟಿನ ಹತ್ತಿರ ಬರುತ್ತದಾ? ಬರಬಹುದು. ಪಾರ್ಕಿನ ನಡುವೆ ಅಪೋಕ ಅಂತ ಜಾಗ ಇದೆ. ಕಚೇರಿ, ಉಳಿಯುವ ಕೋಣೆಗಳು ಎಲ್ಲ ಅಲ್ಲೇ. ಬೇಲಿ ಇಲ್ಲ. ರಾತ್ರಿ ಎಮ್ಮೆ, ಜೀಬ್ರಾ ಕಿಟಕಿ ಪಕ್ಕ ಹುಲ್ಲು ಮೇಯುವ ಸದ್ದು ಕೇಳುತ್ತದೆ. ಆದರೆ ಬಾಗಿಲು ಹಾಕಿದ ಕೋಣೆಯನ್ನೋ ಜಿಪ್ ಎಳೆದ ಟೆಂಟನ್ನೋ ಸಿಂಹ ಬೇಟೆ ಅಂತ ನೋಡುವುದಿಲ್ಲ. ಅಪಾಯ ಬರುವುದು ಮನುಷ್ಯ ಕತ್ತಲಲ್ಲಿ ಒಬ್ಬನೇ ಹೊರಗೆ ನಡೆದಾಗ. ನನ್ನನ್ನು ಕೇಳಿದರೆ ಸಿಂಹಕ್ಕಿಂತ ಒಂಟಿ ಗಂಡು ಕಾಡೆಮ್ಮೆ ಹೆಚ್ಚು ಭಯ. ಅದು ಎಚ್ಚರಿಕೆ ಕೊಡದೆ ನುಗ್ಗುತ್ತದೆ. ಊಟದ ಜಾಗಕ್ಕೆ ಹೋಗುವಾಗ ರೇಂಜರ್ ಕರೆಯಿರಿ. ಕೋಣೆಯಲ್ಲಿ ಬಾಳೆಹಣ್ಣು ಇಡಬೇಡಿ. ರಾತ್ರಿ ಬಾಗಿಲು ತೆಗೆಯುವ ಮೊದಲು ಟಾರ್ಚ್ ಬಿಟ್ಟು ನೋಡಿ. ಕಿಡೆಪೊ ಕಣಿವೆಯ ಕಡೆ ಹೋಗುವಾಗ ಸೆಟ್ಸಿ ನೊಣದ ಕಾಟವೂ ಇದೆ, ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ. ನೀಲಿ, ಕಪ್ಪು ಬಣ್ಣಕ್ಕೆ ಅದು ಓಡಿ ಬರುತ್ತದೆ. ಜೀನ್ಸ್ ಬೇಡ, ಖಾಕಿ ಅಥವಾ ಮಣ್ಣಿನ ಬಣ್ಣದ ಬಟ್ಟೆ ಒಳ್ಳೆಯದು.

ಊಟಕ್ಕೆ ನೀವು ಅಂದುಕೊಂಡಷ್ಟು ಕಷ್ಟ ಇಲ್ಲ. ಚಪಾತಿ ಉಗಾಂಡದ ಬೀದಿಬೀದಿಯಲ್ಲಿ ಸಿಗುತ್ತದೆ, ಹೆಸರೂ ಚಪಾತಿಯೇ. ಅದರೊಳಗೆ ಮೊಟ್ಟೆ ಸುತ್ತಿದ್ದಕ್ಕೆ ‘ರೋಲೆಕ್ಸ್’ ಅನ್ನುತ್ತಾರೆ, ಅದನ್ನು ಬಿಡಿ. ಬೀನ್ಸ್ ಸಾರು, ಶೇಂಗಾ ಗೊಜ್ಜು, ಬೇಯಿಸಿದ ಬಾಳೆಕಾಯಿ ಎಲ್ಲ ಕಡೆ ಇದೆ. ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆಗೆ ಪೋಶೊ ಅಂತ ಹೆಸರು. ರಾಗಿ ಮುದ್ದೆಯೂ ಸಿಗುತ್ತದೆ, ಅದಕ್ಕೆ ಕಾಲೊ ಅನ್ನುತ್ತಾರೆ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮ ಕಡೆ ಬಂತು. ಮೊದಲ ಸಲ ಅಲ್ಲಿ ಕಾಲೊ ಮುರಿದು ಸಾರಿಗೆ ಅದ್ದಿದಾಗ ನನಗೆ ಗಂಟಲು ತುಂಬಿ ಬಂದಿತ್ತು. ಅಪೋಕದಲ್ಲಿ ಆಯ್ಕೆ ಕಡಿಮೆ. ಕಂಪಾಲದಲ್ಲಿ ಭಾರತೀಯ ಅಂಗಡಿಗಳು ಬೇಕಾದಷ್ಟಿವೆ. ಅವಲಕ್ಕಿ, ಬೇಳೆ, ಉಪ್ಪಿನಕಾಯಿ ಮಗ ಕಟ್ಟಿಕೊಳ್ಳಲಿ.

ಇನ್ನು ಹಕ್ಕಿ. ಇದಕ್ಕಾಗಿಯೇ ತಾನೆ ಇಷ್ಟೆಲ್ಲ!

ಕಿಡೆಪೊದಲ್ಲಿ 470ಕ್ಕೂ ಹೆಚ್ಚು ಬಗೆಯ ಹಕ್ಕಿ ದಾಖಲಾಗಿವೆ. ಸಂಖ್ಯೆಗಿಂತ ಮುಖ್ಯ ಯಾವ ಹಕ್ಕಿಗಳು ಅನ್ನುವುದು. ಉಗಾಂಡದ ಉಳಿದ ಪಾರ್ಕ್‌ಗಳು ಹಸಿರು, ಒದ್ದೆ. ಕಿಡೆಪೊ ಒಣ ಸೀಮೆ, ಇಥಿಯೋಪಿಯಾ ಮತ್ತು ಉತ್ತರ ಕೆನ್ಯಾದ ಹಕ್ಕಿಗಳು ಇಲ್ಲಿಗೆ ಚಾಚಿಕೊಂಡಿವೆ. ಉಗಾಂಡದಲ್ಲಿ ಕಾಡು ಉಷ್ಟ್ರಪಕ್ಷಿ ನೋಡಬೇಕಾದರೆ ಕರಮೋಜಕ್ಕೇ ಬರಬೇಕು. ನೆಲದ ಮೇಲೆ ಹಾವು ತುಳಿದು ಕೊಲ್ಲುವ ಸೆಕ್ರೆಟರಿ ಹಕ್ಕಿ ಇದೆ. ಅಬಿಸೀನಿಯದ ನೆಲ ಮಂಗಟ್ಟೆ ಇದೆ. ನಮ್ಮ ಮಂಗಟ್ಟೆಯನ್ನು ಮರದ ತುದಿಯಲ್ಲಿ ಹುಡುಕಿ ಕತ್ತು ನೋಯಿಸಿಕೊಂಡವರಿಗೆ, ಟರ್ಕಿ ಕೋಳಿಯಷ್ಟು ದೊಡ್ಡ ಮಂಗಟ್ಟೆಗಳು ಜೋಡಿಯಾಗಿ ಹುಲ್ಲಿನಲ್ಲಿ ನಡೆದು ಬರುವುದು ನೋಡಿದರೆ ನಂಬಲಿಕ್ಕೇ ಆಗುವುದಿಲ್ಲ.

ನಿಮಗೆ ಹೆಚ್ಚು ನಾಟುವುದು ಬೇರೆ ಅಂತ ನನಗನಿಸುತ್ತದೆ. ಅಲ್ಲಿ ನಮ್ಮ ಹಕ್ಕಿಗಳ ನೆಂಟರು ಸಿಗುತ್ತಾರೆ. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ ಇದೆಯಲ್ಲ, ಅದರ ಹತ್ತಿರದ ಬಳಗದ ಅಬಿಸೀನಿಯನ್ ರೋಲರ್ ಅಲ್ಲಿ ಒಣ ಕೊಂಬೆಯ ತುದಿಯಲ್ಲಿ ಕೂತಿರುತ್ತದೆ. ಅದೇ ನೀಲಿ, ಬಾಲದಲ್ಲಿ ಎರಡು ಉದ್ದ ಎಳೆ ಜಾಸ್ತಿ. ಕೋರಿ ಬಸ್ಟರ್ಡ್ ಸಿಗುತ್ತದೆ. ಅದು ನಮ್ಮ ಎರೆಭೂತದ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್‌ನ, ಒಡಹುಟ್ಟು ಇದ್ದ ಹಾಗೆ. ಹಾರಬಲ್ಲ ಹಕ್ಕಿಗಳಲ್ಲಿ ತೀರಾ ಭಾರದ್ದು, ದೊಡ್ಡ ಗಂಡು 18 ಕಿಲೋದವರೆಗೆ ತೂಗುತ್ತದೆ. ಸಿರುಗುಪ್ಪದ ಎರೆಭೂಮಿಯಲ್ಲಿ ನಾನು ಮೂರು ದಿನ ಅಲೆದು ಒಂದೇ ಒಂದು ಎರೆಭೂತ ಕಾಣದೆ ವಾಪಸ್ ಬಂದವನು. ನರುಸ್ ಕಣಿವೆಯಲ್ಲಿ ಒಂದು ಬೆಳಗ್ಗೆ ಗಂಡು ಕೋರಿ ಕುತ್ತಿಗೆ ಉಬ್ಬಿಸಿ ನಿಂತದ್ದು ಕಂಡಾಗ ಬೈನಾಕ್ಯುಲರ್ ಕೆಳಗಿಟ್ಟು ಸುಮ್ನೆ ಕೂತುಬಿಟ್ಟೆ. ನಮ್ಮ ಬಯಲಲ್ಲೂ ಒಂದು ಕಾಲಕ್ಕೆ ಹೀಗೇ ನಿಲ್ಲುತ್ತಿತ್ತಲ್ವಾ ಅನಿಸಿತು. ಇವತ್ತಿಗೂ ಆ ಬೆಳಗ್ಗೆ ನೆನಪಾದರೆ ಸಂಕಟ ಆಗುತ್ತದೆ.

ಇನ್ನೊಂದು ವಿಚಿತ್ರ ಕೇಳಿ. ಉಗಾಂಡದ ಹಕ್ಕಿಗಾರರು ಕಿಡೆಪೊದಲ್ಲಿ ಪಟ್ಟಿಗೆ ಸೇರಿಸಲು ಆಸೆಪಡುವ ಒಂದು ಹಕ್ಕಿ, ನಿಮ್ಮ ಪೇರಲೆ ಗಿಡಕ್ಕೆ ಬರುವ ಕೆಂಪು ಕೊರಳಪಟ್ಟಿಯ ಗಿಳಿ. ಅದು ಆಫ್ರಿಕಾದಲ್ಲೂ ಮೂಲನಿವಾಸಿ. ಗೈಡ್ ಕೈ ಎತ್ತಿ ಗಿಳಿ ತೋರಿಸಿದರೆ, ದಯವಿಟ್ಟು ಇದೇನು ಮಹಾ ಅನ್ನಬೇಡಿ. ಕೂತು ನೋಡಿ. ಅದರ ಹತ್ತಿರವೇ ಆನೆ ತೊರಡುಕಾಯಿ ಮರಗಳೂ ಸಿಗುತ್ತವೆ. ಬೆಂಗಳೂರಿನ ಪಾರ್ಕುಗಳಲ್ಲಿ ನೆಟ್ಟಿರುವ, ಉದ್ದ ಕಾಯಿ ತೂಗಾಡುವ ಮರ. ಅದರ ಸ್ವಂತ ಊರು ಆಫ್ರಿಕಾ.

ಜನವರಿ ಕೊನೆ ಸರಿಯಾದ ಕಾಲ. ಅಲ್ಲಿ ಮಳೆ ಹೆಚ್ಚಾಗಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ವರೆಗೆ. ಡಿಸೆಂಬರ್ ನಂತರ ಎಲ್ಲ ಕಡೆ ನೀರು ಬತ್ತಿ, ಪ್ರಾಣಿಗಳು ನರುಸ್ ಕಣಿವೆಗೆ ಇಳಿಯುತ್ತವೆ. ನಿಮ್ಮವರಿಗೆ ಅದೇ ಹಬ್ಬ. ಸಾವಿರಾರು ಕಾಡೆಮ್ಮೆ, ಆನೆ, ಜಿರಾಫೆ, ಬಂಡೆಯ ಮೇಲೆ ಮಲಗುವ ಸಿಂಹ. ಉಗಾಂಡದ ರಾಷ್ಟ್ರೀಯ ಉದ್ಯಾನಗಳಲ್ಲಿ ಚೀತಾ ಇರುವುದು ಇದೊಂದರಲ್ಲೇ, ಆದರೆ ಸಿಕ್ಕೇ ಸಿಗುತ್ತದೆ ಅಂತ ಯಾರೂ ಮಾತು ಕೊಡಲಾರರು. ನಿಮಗೆ ಆ ತಿಂಗಳಲ್ಲಿ ಉತ್ತರದಿಂದ ಚಳಿಗಾಲ ಕಳೆಯಲು ಬಂದ ಹ್ಯಾರಿಯರ್ ಹದ್ದುಗಳೂ ಸಿಗುತ್ತವೆ, ನಮ್ಮ ಹೆಸರಘಟ್ಟದ ಹುಲ್ಲುಗಾವಲಿಗೆ ಬರುವ ಜಾತಿಗಳೇ. ತೊಂದರೆ ಒಂದೇ, ಬಿಸಿಲು. ಮಧ್ಯಾಹ್ನ ನಮ್ಮ ರಾಯಚೂರಿನ ಬೇಸಿಗೆ ಇದ್ದ ಹಾಗೆ. ಕೆಲವು ಬಿಪಿ ಮಾತ್ರೆ ಮೂತ್ರ ಜಾಸ್ತಿ ಮಾಡುತ್ತವೆ, ಮೈಯ ನೀರು ಬೇಗ ಇಳಿಯುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ಇಬ್ಬರೂ ನೆರಳಲ್ಲೇ ಇರಿ.

ಹೋಗುವುದು ಹೇಗೆ ಅನ್ನುವುದರಲ್ಲೇ ನಿಜವಾದ ಅಪಾಯ, ಖರ್ಚು ಎರಡೂ ಅಡಗಿವೆ. ಕಂಪಾಲದಿಂದ ರಸ್ತೆಯಲ್ಲಿ ಹೋದರೆ ಒಂದೇ ದಿನಕ್ಕೆ ಹತ್ತು ಹನ್ನೆರಡು ಗಂಟೆ. ಕಿಟ್ಗುಮ್ ದಾಟಿದ ಮೇಲೆ ರಸ್ತೆ ಒರಟು. ಒಂದು ಸಲ ಮಳೆಗಾಲದ ಕೊನೆಯಲ್ಲಿ ನಾನು ಕಿಟ್ಗುಮ್‌ನಿಂದ ಎರಡು ಗಂಟೆ ತಡವಾಗಿ ಹೊರಟೆ. ಬೆಳಗ್ಗೆ ಒಣಗಿದ್ದ ಹಳ್ಳ ಸಂಜೆ ತುಂಬಿ ಹರಿಯುತ್ತಿತ್ತು. ಆರು ಜನ ರಾತ್ರಿಯಿಡೀ ಗಾಡಿಯಲ್ಲೇ ಕೂತೆವು. ಏನೂ ಆಗಲಿಲ್ಲ. ಆದರೆ ಅವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಣ್ಣಗಿಡುವ ಡಬ್ಬ ಬಿಸಿಯಾಗುತ್ತಾ ಹೋಯಿತು. ಆ ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ತಪ್ಪು ನನ್ನದೇ, ಹೊರಡುವ ಹೊತ್ತು ತೀರ್ಮಾನಿಸಿದ್ದು ನಾನೇ.

ವಿಮಾನದಲ್ಲಿ ಹೋದರೆ, ಕಂಪಾಲದ ಹತ್ತಿರ ವಿಮಾನ ನಿಲ್ದಾಣ ಇರುವ ಎಂಟೆಬೆಯಿಂದ ಎರಡು ಗಂಟೆ ಆಸುಪಾಸು. ಚಿಕ್ಕ ವಿಮಾನ, ಸಾಮಾನು ಸಾಮಾನ್ಯವಾಗಿ 15 ಕಿಲೋ ಮಾತ್ರ, ಮೆತ್ತನೆಯ ಚೀಲದಲ್ಲಿ. ದುಬಾರಿ. ಅಲ್ಲಿ ಇಳಿದ ಮೇಲೆ ಓಡಾಡಲು ಗಾಡಿ ಮೊದಲೇ ಗೊತ್ತು ಮಾಡಿರಬೇಕು, ಇಲ್ಲದಿದ್ದರೆ ಏರ್‌ಸ್ಟ್ರಿಪ್‌ನಲ್ಲೇ ಕೂರಬೇಕಾಗುತ್ತದೆ.

ನಿಮ್ಮಿಬ್ಬರಿಗೆ ನಾನು ಹೇಳುವುದು ನಡುವಿನ ದಾರಿ. ಹೋಗುವಾಗ ರಸ್ತೆ, ಆದರೆ ಒಂದೇ ದಿನದಲ್ಲಿ ಅಲ್ಲ. ಮೊದಲು ಮರ್ಚಿಸನ್ ಫಾಲ್ಸ್ ಪಾರ್ಕ್‌ನಲ್ಲಿ ಎರಡು ರಾತ್ರಿ, ನೈಲ್ ನದಿಯ ದೋಣಿಯಲ್ಲಿ ಹಕ್ಕಿ ನೋಡಿ. ಆಮೇಲೆ ಗುಲು ಅಥವಾ ಕಿಟ್ಗುಮ್‌ನಲ್ಲಿ ಒಂದು ರಾತ್ರಿ. ಮರುದಿನ ಬೆಳಕು ಹರಿಯುತ್ತಲೇ ಹೊರಟು ಮಧ್ಯಾಹ್ನದೊಳಗೆ ಅಪೋಕ. ಅಲ್ಲಿ ನಾಲ್ಕು ರಾತ್ರಿ, ಅದಕ್ಕಿಂತ ಕಡಿಮೆ ಬೇಡ. ಎರಡು ದಿನ ನರುಸ್, ಒಂದು ದಿನ ಕಿಡೆಪೊ ಮರಳ ನದಿ, ಒಂದು ದಿನ ಕೈಯಲ್ಲಿರಲಿ. ವಾಪಸ್ ಬರುವಾಗ ವಿಮಾನ. ದಣಿದ ಮೈಗೆ ಆ ಎರಡು ಗಂಟೆ ದುಡ್ಡಿಗೆ ಮೋಸವಿಲ್ಲ.

ಇದಕ್ಕೆಲ್ಲ ಮೊದಲು ವಿಮೆ. ಪ್ರಯಾಣ ವಿಮೆಯ ಚೀಟಿಯಲ್ಲಿ ವಿಮಾನದಲ್ಲಿ ರೋಗಿಯನ್ನು ಸಾಗಿಸುವ ಖರ್ಚು ಸೇರಿದೆಯಾ, ಮೊದಲಿಂದ ಇರುವ ಬಿಪಿಗೂ ಅದು ಅನ್ವಯವಾಗುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ. ನೈರೋಬಿಯ ಆಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ಈ ಭಾಗದಲ್ಲಿ ಅಂಥ ಸೇವೆ ಕೊಡುತ್ತದೆ. ರಸ್ತೆ ಮೇಲೆ ದೊಡ್ಡ ಆಸ್ಪತ್ರೆ ಅಂದರೆ ಗುಲುವಿನ ಲಾಚೋರ್. ಅಪೋಕದಿಂದ ಅಲ್ಲಿಗೆ ಅರ್ಧ ದಿನಕ್ಕಿಂತ ಕಡಿಮೆ ಅಲ್ಲ. ಕಳೆದ ಆರು ತಿಂಗಳಲ್ಲಿ ನಿಮ್ಮವರಿಗೆ ಎದೆನೋವು, ತಲೆಸುತ್ತು, ಮಾತ್ರೆ ಬದಲಾವಣೆ ಏನಾದರೂ ಆಗಿದ್ದರೆ ಈ ಸಲ ಕಿಡೆಪೊ ಬೇಡ. ಇದನ್ನು ಮುಲಾಜಿಲ್ಲದೆ ಹೇಳುತ್ತೇನೆ.

ಹಾಗೆ ಬೇಡವಾದರೂ ಬೇಸರ ಪಡಬೇಕಿಲ್ಲ. ಮರ್ಚಿಸನ್‌ನಲ್ಲೇ ನಾಲ್ಕು ದಿನ ಇರಿ, ಕಂಪಾಲದಿಂದ ಐದಾರು ಗಂಟೆ. ಎಂಟೆಬೆ ಹತ್ತಿರದ ಮಬಾಂಬ ಜೌಗಿನಲ್ಲಿ ದೋಣಿ ಹತ್ತಿ ಶೂಬಿಲ್ ಹುಡುಕಿ. ಚಪ್ಪಲಿಯಂಥ ಕೊಕ್ಕಿನ ಆ ಬೂದು ಹಕ್ಕಿ ನೋಡಲೆಂದೇ ಜಗತ್ತಿನ ಹಕ್ಕಿಗಾರರು ಬರುತ್ತಾರೆ. ಬೆಳಗ್ಗೆ ಹೋಗಿ ಮಧ್ಯಾಹ್ನ ಮಗನ ಮನೆಯಲ್ಲಿ ಊಟ ಮಾಡಬಹುದು.

ಮಸಾಯಿ ಮಾರಾ ಒಳ್ಳೆಯ ಜಾಗವೇ. ಸಿಂಹ, ಚೀತಾ ಅಲ್ಲಿ ಸುಲಭ, ರಸ್ತೆ, ಆಸ್ಪತ್ರೆ ಹತ್ತಿರ. ನಿಮ್ಮವರ ಆಸೆ ಒಂದೇ ಲೆಕ್ಕವಾದರೆ ಅದೇ ಸರಿ. ಆದರೆ ಅಲ್ಲಿ ಸೀಸನ್‌ನಲ್ಲಿ ಒಂದು ಚೀತಾದ ಸುತ್ತ ಇಪ್ಪತ್ತು ಜೀಪ್ ನಿಂತಿದ್ದನ್ನು ಎಣಿಸಿದ್ದೇನೆ. ಕಿಡೆಪೊದಲ್ಲಿ ಒಂದು ಬೆಳಗ್ಗೆ ಪೂರ್ತಿ ನಮ್ಮದೊಂದೇ ಗಾಡಿ ಇರುತ್ತದೆ. ಹದಿನೈದು ವರ್ಷ ಹಕ್ಕಿ ನೋಡಿದ ನಿಮಗೆ ಅದರ ಬೆಲೆ ಗೊತ್ತು.

ವೀಸಾ ಕೆಲಸ ಆನ್‌ಲೈನ್, ಮಗನೇ ಮಾಡಿಸಬಲ್ಲ. ಒಂದು ಸಲದ ಪ್ರವೇಶಕ್ಕೆ 50 ಡಾಲರ್. ಕೆನ್ಯಾ, ರುವಾಂಡಾ ಸೇರಿಸಿ ಮೂರು ದೇಶಕ್ಕೆ ಒಟ್ಟಿಗೆ ಬೇಕಾದರೆ 100 ಡಾಲರ್‌ನದು ಇದೆ. ಡಾಲರ್ ನೋಟು ಹೊಸದಾಗಿರಲಿ, ಹಳೆಯದನ್ನು ಅಲ್ಲಿ ಮುಟ್ಟುವುದಿಲ್ಲ. ಅಪೋಕದಲ್ಲಿ ಎಟಿಎಂ ಹುಡುಕಬೇಡಿ. ಡ್ರೋನ್ ತರಬೇಡ ಅಂತ ಮಗನಿಗೆ ಹೇಳಿ. ನಿಮ್ಮ 8x42 ಬೈನಾಕ್ಯುಲರ್ ಇದ್ದರೆ ಸಾಕು. ನರುಸ್ ಕಣಿವೆ ವಿಶಾಲ, ದೂರದ ಬಸ್ಟರ್ಡ್‌ಗೆ ಟೆಲಿಸ್ಕೋಪ್ ಇದ್ದರೆ ಚೆನ್ನ. ಯಾರ ಹತ್ತಿರವಾದರೂ ಕೇಳಿ ತನ್ನಿ, ಹೊಸದು ಕೊಳ್ಳಬೇಡಿ.

ಈ ವಾರ ಮಾಡಬೇಕಾದ್ದು ಒಂದೇ ಕೆಲಸ. ಇಬ್ಬರೂ ನಿಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋಗಿ, ಮಾತ್ರೆಗಳ ಚೀಟಿ ಮುಂದಿಟ್ಟು, ಉಗಾಂಡ, ಹಳದಿ ಜ್ವರ, ಮಲೇರಿಯಾ ಮೂರೂ ವಿಷಯ ಕೇಳಿ. ಅವರು ಹೂಂ ಅಂದ ಮೇಲೆ ಮಗನಿಗೆ ಫೋನ್ ಮಾಡಿ ಟಿಕೆಟ್ ತೆಗೆಸಿ.